ಮಾಳಿಗೆ ಮೇಲಿನ ಒದ್ದೆ ಅರಿವೆ

ಆಯುಷ್ಯದಲ್ಲಿ ನಾನು ಏಳು ಜನರ ಮೇಲೆ ಕೈ ಮಾಡಿದ್ದೇನೆ. ಆರು ಜನರ ಬಗ್ಗೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಎದುರಿಗೆ ಸಿಕ್ಕರೆ ಇವತ್ತೂ ಇನ್ನೊಂದು ಕೊಡಬೇಕೆನಿಸುತ್ತದೆ, ಮೊಣಕಾಲು ಕೇಳುವುದಿಲ್ಲ ಅಷ್ಟೆ. ಇದನ್ನು ಬರೆಯುತ್ತಿರುವುದು ಏಳನೆಯವನಿಗಾಗಿ.

ನಾನು ಪುರಸಭೆಯಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದೆ. ಚರಂಡಿ, ಕಸ, ಸತ್ತ ನಾಯಿ, ಸಂತೆಯಲ್ಲಿ ಕೊಳೆತ ಮೀನು, ಇವೆಲ್ಲ ನನ್ನ ಪಾಲಿಗೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ದುಡಿದಿದ್ದೇನೆ. ಈ ಸಂಗತಿ ಯಾದಗಿರಿಯದಲ್ಲ, ಮಿಕ್ಕ ಎರಡರಲ್ಲಿ ಯಾವ ಊರಿನದೆಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಬಡಿಗೆ ಹಿಡಿದು ಬರುವವರು ಈಗಲೂ ಒಂದಿಬ್ಬರು ಬದುಕಿದ್ದಾರೆ, ಅವರಿಗೂ ವಯಸ್ಸಾಗಿದೆ, ಸುಮ್ಮನೆ ಯಾಕೆ ದಣಿಸುವುದು.

ನಾನು ಹುಟ್ಟಿದ್ದು ಮುದನಾಳ ಕಡೆ. ಕಾಲುವೆ ಬರುವ ಮೊದಲು ನಮ್ಮ ಸೀಮೆಯಲ್ಲಿ ಗಾಳಿ ಎಂದರೆ ಬೇಸಿಗೆಯ ಬಿಸಿ ಗಾಳಿ, ಇಲ್ಲವೇ ರಾಶಿ ತೂರುವ ಗಾಳಿ. ಗಾಳಿಯನ್ನು ಯಾರಾದರೂ ಅಳೆಯುತ್ತಾರೆಂದು ಹೇಳಿದ್ದರೆ ನಮ್ಮ ಅಪ್ಪ ನಕ್ಕು ಹೊಟ್ಟೆ ಹುಣ್ಣು ಮಾಡಿಕೊಳ್ಳುತ್ತಿದ್ದ. ಆಮೇಲೆ ಜೋಳದ ಹೊಲಕ್ಕೆ ಕಾಲುವೆ ನೀರು ಹರಿಯಿತು. ನೀರಿನ ಬೆನ್ನಿಗೆ ಭತ್ತ ಬಂತು, ಭತ್ತದ ಬೆನ್ನಿಗೆ ಅಕ್ಕಿ ಗಿರಣಿಗಳು ಬಂದವು. ನಾನು ಹೇಳುತ್ತಿರುವ ಊರಲ್ಲಿ ಒಂದು ಗಿರಣಿ ಓಣಿಗೇ ಅಂಟಿಕೊಂಡು ಕೂತಿತು. ಅಲ್ಲಿ ಭತ್ತ ಬೇಯಿಸುವ ಬಾಯ್ಲರ್ ಇತ್ತು. ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಹೊಟ್ಟು ಉರಿದರೆ ಕರಿ ಬೂದಿ ಏಳುತ್ತದೆ, ಗಿಡ್ಡ ಚಿಮಣಿಯಿಂದ ಹೊರಬಿದ್ದು ಸುತ್ತಲಿನ ಮನೆಗಳ ಮೇಲೆ ಕರಿ ಎಳ್ಳು ಉದುರಿದಂತೆ ಉದುರುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜುವ ಹಾಗಿಲ್ಲ, ಉಜ್ಜಿದರೆ ಗೀರುತ್ತದೆ. ಆ ಓಣಿಯಲ್ಲಿ ಯಾರೂ ಬಿಳಿ ಅಂಗಿ ತೊಡುತ್ತಿರಲಿಲ್ಲ.

ಓಣಿಯ ತುದಿಗೆ ಪುರಸಭೆಯ ನೀರಿನ ಪಂಪ್ ಮನೆ. ಅದರ ಪಕ್ಕದ ಒಂದು ಖೋಲಿಯಲ್ಲಿ ನಮ್ಮ ನೀರು ಬಿಡುವವನು ಹೆಂಡತಿಯೊಂದಿಗೆ ಇದ್ದ. ಬೆಳಗಿನ ಜಾವ ಎದ್ದು ಉದ್ದ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಹಗಲೆಲ್ಲ ಓಣಿ ಓಣಿಗೆ ಹೋಗಿ ವಾಲ್ವ್ ತಿರುಗಿಸುವುದು ಅವನ ಕೆಲಸ. ಅವನೇ ನಾನು ಹೇಳಿದ ಏಳನೆಯವನು. ಮಾತು ಕಡಿಮೆ, ಕಿವಿ ಬಲು ಚುರುಕು. ನೆಲದೊಳಗಿನ ಕೊಳವೆಗೆ ಕಿವಿ ಹಚ್ಚಿ ನೀರು ಎಲ್ಲಿ ಸೋರುತ್ತಿದೆಯೆಂದು ಹೇಳುತ್ತಿದ್ದ. ಮೋಟಾರಿನ ಸಪ್ಪಳ ಕೇಳಿಯೇ ಕರೆಂಟು ಎಷ್ಟು ಇಳಿದಿದೆ ಎನ್ನುತ್ತಿದ್ದ. ಇಡೀ ಪುರಸಭೆಯಲ್ಲಿ ಆ ಕಿವಿಯಷ್ಟು ಬರೋಬರ್ ಕೆಲಸ ಮಾಡುತ್ತಿದ್ದ ಯಂತ್ರ ಇನ್ನೊಂದಿರಲಿಲ್ಲ.

ಅವನ ಹೆಂಡತಿಗೆ ದಮ್ಮು. ಮದುವೆಯಾಗಿ ಬಂದಾಗ ಎರಡು ಕೊಡ ಹೊತ್ತು ಓಡುತ್ತಿದ್ದವಳು ಗಿರಣಿ ಸುರುವಾದ ಎರಡನೇ ಹಂಗಾಮಿನಲ್ಲಿ ಉಸಿರು ಎಳೆಯತೊಡಗಿದಳು. ಬಾಯ್ಲರ್ ಹೊತ್ತಿದ ದಿನ ಹಳೇ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಮೂಗು ಬಾಯಿಗೆ ಕಟ್ಟಿಕೊಂಡು ಕೂತಿರುತ್ತಿದ್ದಳು. ಈ ಗಾಳಿಯಲ್ಲೇ ಇದ್ದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ಯಾದಗಿರಿಯ ಡಾಕ್ಟರು ಗಂಡನಿಗೆ ಹೇಳಿದ್ದರು. ಪಂಪು ಬಿಟ್ಟು ಬೇರೆ ಕಡೆ ಇರಲು ಅವನ ಕೆಲಸ ಬಿಡುತ್ತಿರಲಿಲ್ಲ. ಅವನು ನನ್ನ ಬಳಿ ಕೇಳಿದ್ದು ಒಂದೇ ಮಾತು: "ಸಾಹೇಬ್ರ, ಆ ಬೂದಿ ಒಂದು ನಿಂದ್ರಸ್ರಿ. ಆಕಿ ಉಳೀತಾಳ."

ನಿಲ್ಲಿಸುತ್ತೇನೆ ಅಂದೆ. ಹೇಗೆಂದು ನನಗೂ ಗೊತ್ತಿರಲಿಲ್ಲ.

ಮೊದಲ ಹೊಡೆದಾಟ ಆದದ್ದು ಒಂದು ಮದುವೆಯ ಊಟದಲ್ಲಿ. ಓಣಿಯಲ್ಲೇ ಚಪ್ಪರ, ಪಂಕ್ತಿ ಕೂತಿದೆ, ಪತ್ರಾವಳಿಯ ಮೇಲೆ ಬಿಳಿ ಅನ್ನ ಬಿದ್ದಿದೆ. ಅಷ್ಟರಲ್ಲಿ ಗಾಳಿ ತಿರುಗಿತು. ಚಪ್ಪರದ ಸಂದಿಯಿಂದ ಬೂದಿ ಸುರಿದು ನೋಡನೋಡುತ್ತಿದ್ದಂತೆ ಅನ್ನ ಕಪ್ಪಾಯಿತು. ಬೀಗರ ಕಡೆಯ ಒಬ್ಬ ಮುದುಕ ಎದ್ದು, "ಹೆಣ ಸುಟ್ಟ ಬೂದಿ ಉಣ್ಣಾಕ ಕರಸೀರೇನು?" ಎಂದ. ಅಷ್ಟು ಸಾಕಾಯಿತು. ಗಂಡಸರು ಚಪ್ಪರದ ಗಳ ಕಿತ್ತುಕೊಂಡು ಗಿರಣಿಗೆ ನುಗ್ಗಿದರು. ನಾನೂ ಉಣ್ಣಲು ಕೂತಿದ್ದವನೇ, ಎಂಜಲು ಕೈಯಲ್ಲೇ ಓಡಿದೆ.

ಗಿರಣಿಯ ಹಮಾಲರು ಚೀಲ ಎತ್ತುವ ಕೊಕ್ಕೆ ಹಿಡಿದು ಗೇಟಿಗೆ ಬಂದರು. ಅವರೂ ನಮ್ಮಂಥ ಬಡವರೇ, ಆದರೆ ಆ ಹೊತ್ತಿನಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತದೆ. ಒಬ್ಬ ಬೀಸಿದ ಕೊಕ್ಕೆ ಮದುಮಗನ ಚಿಕ್ಕಪ್ಪನ ತೋಳಿಗೆ ನಾಟಿ ಮಾಂಸ ಸಮೇತ ಹೊರಬಂತು. ನನ್ನೆದುರಿಗೆ ಸಿಕ್ಕ ಹಮಾಲನ ಮುಖಕ್ಕೆ ಗಳದಿಂದ ಬಡಿದೆ. ಅವನ ಮೂಗು ಮುರಿದ ಸಪ್ಪಳ ಕೇಳಿಸಿತು, ಸುಳ್ಳು ಯಾಕೆ ಹೇಳಲಿ, ಆಗ ಹಿತವೆನಿಸಿತು. ಭತ್ತದ ರಾಶಿಯ ಮೇಲೆಲ್ಲ ರಕ್ತ. ಪೊಲೀಸರು ಬಂದು ಎರಡೂ ಕಡೆಯವರನ್ನು ಒಂದೇ ವ್ಯಾನಿಗೆ ತುಂಬಿದರು, ವ್ಯಾನಿನಲ್ಲೂ ಹೊಡೆದಾಟ ನಡೆಯಿತು.

ಬಿಡಿಸಿಕೊಂಡು ಬಂದವರು ನಮ್ಮ ಮುಖ್ಯಾಧಿಕಾರಿ. ಮೈಸೂರು ಕಡೆಯ ಸಣ್ಣ ದನಿಯ ಮನುಷ್ಯ. ಕಚೇರಿಯಲ್ಲಿ ನನ್ನನ್ನು ಕೂರಿಸಿ, "ಬಡಿದಾಡಿದರೆ ಚಿಮಣಿ ಎತ್ತರ ಆಗುತ್ತೇನಪ್ಪ? ಅಳೆದು ತೋರಿಸಿ. ಗಾಳಿಯಲ್ಲಿ ಬೂದಿ ಮಿತಿಗಿಂತ ಹೆಚ್ಚಿದೆ ಅಂತ ಕಾಗದದ ಮೇಲೆ ಬಂದರೆ, ಬೂದಿ ಹಿಡಿಯೋ ಡಬ್ಬಿ ಕೂರಿಸೋವರೆಗೆ ನಾನೇ ಗಿರಣಿಗೆ ಬೀಗ ಹಾಕಿಸ್ತೀನಿ" ಎಂದರು. ನಮ್ಮ ಸೀಮೆಯಲ್ಲಿ ಜಗಳ ಬಿಡಿಸುವ ಯಾರೂ ಹಾಗೆ ಮಾತಾಡುವುದನ್ನು ನಾನು ಕೇಳಿರಲಿಲ್ಲ. ನಂಬಬೇಕೋ ಬೇಡವೋ ಎಂದುಕೊಂಡೇ ಹೂಂ ಅಂದೆ.

ಯಂತ್ರ ಜಿಲ್ಲಾ ಕೇಂದ್ರದಿಂದ ಕಡ ಬಂತು. ನಾಲ್ಕು ಕಾಲಿನ ತಗಡಿನ ಪೆಟ್ಟಿಗೆ, ಮೇಲೆ ಗುಡಿಸಲಿನ ಹಾಗೆ ಇಳಿಜಾರು ಮಾಡು. ಒಳಗಿನ ಮೋಟಾರು ಮಾಡಿನ ಅಂಚಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ ಒಂದು ಬಿಳಿ ಕಾಗದದ ಮೂಲಕ ಹಾಯ್ದು ಹೋಗುತ್ತದೆ, ಧೂಳು ಕಾಗದದ ಮೇಲೆ ಉಳಿಯುತ್ತದೆ. ಕಾಗದವನ್ನು ಹಾಕುವ ಮೊದಲೊಮ್ಮೆ ತೂಗಿರುತ್ತಾರೆ, ತೆಗೆದ ಮೇಲೆ ಮತ್ತೊಮ್ಮೆ ತೂಗುತ್ತಾರೆ. ಏರಿದ ತೂಕವೇ ನಾವು ಉಸಿರಾಡಿದ ಕಸ. ಇಷ್ಟೇ. ಬಡಿಗೆ ಬೇಡ, ಕೊಕ್ಕೆ ಬೇಡ, ಒಂದು ಬಿಳಿ ಕಾಗದ ಸಾಕು ಎನ್ನುವುದು ನನ್ನಂಥ ಮುಂಗೋಪಿಗೂ ಇಷ್ಟವಾಯಿತು.

ಕರೆಂಟು ಇದ್ದ ಪಂಪ್ ಮನೆಯ ಮಾಳಿಗೆಯ ಮೇಲೆಯೇ ಅದನ್ನಿಟ್ಟೆವು. ಬಾಯ್ಲರ್ ಹಗಲಲ್ಲಿ ಉರಿಯುತ್ತಿದ್ದುದರಿಂದ ನಮ್ಮ ಅಳತೆಯೂ ಹಗಲಿನದೇ. ಬೆಳಿಗ್ಗೆ ನಾನು ಬಂದು ಕಾಗದ ಹಾಕಿ, ಮೀಟರು ನೋಡಿ ಬರೆದುಕೊಂಡು ಹೋಗುತ್ತಿದ್ದೆ, ಸಂಜೆ ಬಂದು ತೆಗೆಯುತ್ತಿದ್ದೆ. ಕಾಗದಕ್ಕೆ ಬರಿಗೈ ತಾಗಬಾರದೆಂದು ಹೇಳಿದ್ದಕ್ಕೆ ನೀರು ಬಿಡುವವನು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ದೇವರ ಪ್ರಸಾದ ಹಿಡಿದ ಹಾಗೆ ಚಿಮಟದಲ್ಲಿ ಹಿಡಿದು ಕೊಡುತ್ತಿದ್ದ. ಅವನ ಹೆಂಡತಿ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದಳು.

ಯಂತ್ರದ ಸಪ್ಪಳ ಕೇಳಿ ಆಕೆ ಒಮ್ಮೆ, "ಅದಕ್ಕೂ ಉಸಿರು ಹತ್ತಾಕತ್ತದ ನೋಡ್ರಿ ಅಣ್ಣಾರ" ಎಂದಳು.

"ಅದರ ಕೆಲಸಾನೇ ಉಸಿರು ಎಳಿಯೂದವ್ವ" ಎಂದೆ.

"ಪಾಪ" ಎಂದಳು. ಆ ಪಾಪದ ಬೆಲೆ ನನಗೆ ಆಗ ತಿಳಿಯಲಿಲ್ಲ.

ಮೂರು ವಾರ ಹೀಗೆ ನಡೆಯಿತು. ಸಂಜೆ ಕಾಗದ ತೆಗೆದಾಗ ತೆಳುವಾಗಿ ಮಬ್ಬಾಗಿರುತ್ತಿತ್ತೇ ಹೊರತು ಕಪ್ಪಾಗಿರುತ್ತಿರಲಿಲ್ಲ. ಕಣ್ಣಿಗೆ ಕಾಣದ್ದು ತಕ್ಕಡಿಗೆ ಕಂಡೀತು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಕೆಲಸ ಬಲ್ಲವನಾಗಿದ್ದರೆ ಆಗಲೇ ಅನುಮಾನ ಪಡಬೇಕಿತ್ತು. ಅಂಗಳದಲ್ಲಿ ಒಣಗಿಸಿದ ಬಟ್ಟೆ ಕಪ್ಪಾಗುತ್ತಿತ್ತು, ಅದರ ಮೇಲಿನ ಮಾಳಿಗೆಯ ಕಾಗದ ಬೆಳ್ಳಗಿತ್ತು.

ವರದಿ ಬಂದ ದಿನ ಪುರಸಭೆಯ ಸಾಮಾನ್ಯ ಸಭೆ ಇತ್ತು. ಗಿರಣಿ ಸಾವಕಾರನ ಭಾವಮೈದುನ ಸದಸ್ಯನಾಗಿದ್ದ. ಗಾಳಿ ಮಿತಿಯೊಳಗೇ ಇದೆ ಎಂದು ಮುಖ್ಯಾಧಿಕಾರಿ ಓದಿದರು. ಆ ಭಾವಮೈದುನ ಮೇಜು ಬಡಿದು ನಗತೊಡಗಿದ. "ಮಾಳಿಗಿ ಮ್ಯಾಲ ಮಲ್ಲಿಗಿ ಬೆಳಿಯೂಣಂತ ತಗೋರಿ! ನಮ್ಮ ಇನ್ಸ್‌ಪೆಕ್ಟರ್ ಸಾಹೇಬ್ರು ಗಾಳಿ ಹಿಡ್ಯಾಕ ಹೋಗಿ ಗಾಳಿ ಹಿಡಿಸ್ಕೊಂಡು ಬಂದಾರ" ಎಂದ. ಎಲ್ಲರೂ ನಕ್ಕರು. ಆ ಓಣಿಯ ಸದಸ್ಯನೂ ನಕ್ಕ. ಚಹಾ ಬಂತು, ಸಭೆ ಸ್ವಲ್ಪ ಹೊತ್ತು ನಿಂತಿತು.

ನನ್ನ ತಲೆಯಲ್ಲಿ ಒಂದೇ ಲೆಕ್ಕ. ಯಂತ್ರ ಸುಳ್ಳು ಹೇಳುವುದಿಲ್ಲ. ನಾನು ಸುಳ್ಳು ಮಾಡಿಲ್ಲ. ಮಿಕ್ಕವನು ಒಬ್ಬನೇ. ಚಹಾ ಮುಟ್ಟದೆ ಪಂಪ್ ಮನೆಗೆ ಹೊರಟೆ. ಹೋಗುವ ದಾರಿಯಲ್ಲೇ ಸಿಟ್ಟು ಮೊಣಕೈವರೆಗೆ ಇಳಿದಿತ್ತು. ಅವನ ಖೋಲಿಯ ಬಾಗಿಲಿಗೆ ಹೊಸದಾಗಿ ಒಂದು ಗೋಣಿತಾಟು ತೂಗುಬಿದ್ದಿತ್ತು, ಅದರ ಮೇಲೆ ಗಿರಣಿಯ ಗುರುತು ಎದ್ದು ಕಾಣುತ್ತಿತ್ತು. ಬೂದಿ ಒಳಗೆ ಬಾರದಿರಲಿ ಎಂದು ಸಂತೆಯಲ್ಲಿ ಕೊಂಡ ಹಳೇ ಚೀಲ ಬಿಚ್ಚಿ ಕಟ್ಟಿದ್ದರು. ಓಣಿಯ ಅರ್ಧ ಮನೆಗಳಿಗೆ ಅಂಥದೇ ಇತ್ತು. ನನಗೆ ಕಂಡದ್ದು ಮಾತ್ರ ಗಿರಣಿಯವರ ಅಕ್ಕಿ ಚೀಲ. ಇವನಿಗೆ ತಿನ್ನಿಸಿದ್ದಾರೆ ಎಂದು ಖಾತ್ರಿಯಾಯಿತು.

ಅವನು ವಾಲ್ವಿನ ಕೀಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದ. ನನ್ನನ್ನು ಕಂಡು ಎದ್ದ. "ಏನಾತ್ರಿ ಸಾಹೇಬ್ರ? ಬಂತೇನ್ರಿ ಕಾಗದ?" ಎಂದು ಆಸೆಯಿಂದ ಕೇಳಿದ.

"ಎಷ್ಟು ಚೀಲ ಕೊಟ್ಟರೋ?" ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ಯಾರ್ರಿ?" ಎಂದ.

ಅಂಗೈ ಅಗಲ ಮಾಡಿ ಅವನ ಎಡ ಕಿವಿಯ ಮೇಲೆ ಬಿಟ್ಟೆ. ಅವನು ಗೋಡೆಗೆ ಹೋಗಿ ಬಿದ್ದ. ಎದ್ದು, "ದೇವರಾಣಿ ನಾ ಏನೂ ಮಾಡಿಲ್ರಿ" ಎಂದ. ಅದೇ ಕಿವಿಯ ಮೇಲೆ ಎರಡನೆಯದು ಕೊಟ್ಟೆ, ಬಿದ್ದವನ ಪಕ್ಕೆಗೆ ಚಪ್ಪಲಿ ಕಾಲಿನಿಂದ ಒದ್ದೆ. "ಹೆಂಡ್ತಿ ಸಾಯಾಕತ್ತಾಳ, ಆಕಿ ಉಸಿರು ಮಾರಿ ಅಕ್ಕಿ ತಿಂತೀಯೇನಲೇ ನಾಯಿ!" ಎಂದು ಇಡೀ ಓಣಿ ಕೇಳುವ ಹಾಗೆ ಕೂಗಿದೆ. ಅವನು ಕೈ ಎತ್ತಲಿಲ್ಲ. ಅವನ ಪಕ್ಕದಲ್ಲಿ ಒಂದೂವರೆ ಗಜ ಉದ್ದದ ಕಬ್ಬಿಣದ ಕೀಲಿ ಬಿದ್ದಿತ್ತು, ಎತ್ತಿಕೊಂಡಿದ್ದರೆ ನನ್ನ ತಲೆ ತೆಂಗಿನಕಾಯಿ ಆಗುತ್ತಿತ್ತು. ಕಿವಿ ಮುಚ್ಚಿಕೊಂಡು ಕೂತ. ಬೆರಳ ಸಂದಿಯಿಂದ ರಕ್ತ ಇಳಿಯಿತು.

ಆಗ ಮಾಳಿಗೆಯ ಮೆಟ್ಟಿಲಿನಿಂದ ಅವನ ಹೆಂಡತಿ ಇಳಿದು ಬಂದಳು. ಯಂತ್ರವನ್ನು ಮರುದಿನ ಒಯ್ಯುವುದಿತ್ತು, ಅಲ್ಲಿಯವರೆಗೆ ಓಡುತ್ತಿರಲಿ ಎಂದು ಬಿಟ್ಟಿದ್ದೆವು. ಆಕೆಗೆ ಓಡಿ ಬರಲು ಆಗುತ್ತಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ನಿಂತು, ಕೈಯಲ್ಲಿ ಏನೋ ಹಿಡಿದುಕೊಂಡು, "ಹೊಡೀಬ್ಯಾಡ್ರಿ... ಅಣ್ಣಾರ... ಹೊಡೀಬ್ಯಾಡ್ರಿ" ಎನ್ನುತ್ತ ಬಂದಳು. ಆಕೆಯ ಕೈಯಲ್ಲಿ ಇದ್ದದ್ದು ಒದ್ದೆ ಸೀರೆಯ ತುಂಡು.

"ನಾನೇ ಮುಚ್ಚೀನ್ರಿ" ಎಂದಳು. "ಅದು ದಿನಾ ಈ ಬೂದಿ ಕುಡ್ಯಾಕತ್ತಿತ್ತು. ಕಾದು ಕೆಂಡ ಆಗ್ತಿತ್ತು. ನನಗ ಹೆಂಗ ದಮ್ಮೋ ಅದಕ್ಕೂ ಹಂಗ ಅಂತ, ನೀವು ಹೋದ ಮ್ಯಾಲ ಅರಿವಿ ಹಸಿ ಮಾಡಿ ಹೊದಸ್ತಿದ್ದೆ. ಸಂಜಿಕ ನೀವು ಬರೂ ಮುಂದ ತಗೀತಿದ್ದೆ. ಸರಕಾರದ ಸಾಮಾನಿನ ಮ್ಯಾಲ ನನ್ನ ಹಳಿ ಸೀರಿ ಕಂಡ್ರ ಚೊಲೊ ಅಲ್ಲಂತ. ಅದು ಕೆಟ್ಟು ನಿಂತ್ರ ನಮ್ಮ ಕಥಿ ಯಾರು ಹೇಳ್ಬೇಕ್ರಿ?"

ಬೇಸಿಗೆಯಲ್ಲಿ ನಮ್ಮ ಕಡೆ ಕುಡಿಯುವ ನೀರಿನ ಹರವಿಗೆ ಒದ್ದೆ ಅರಿವೆ ಸುತ್ತುತ್ತೇವೆ. ಜ್ವರ ಬಂದವರ ಹಣೆಗೆ ಹಾಕುತ್ತೇವೆ. ಎತ್ತಿಗೆ ಬಿಸಿಲು ಬಡಿದರೂ ಹಾಕುತ್ತೇವೆ. ಯಾವುದನ್ನು ಉಳಿಸಿಕೊಳ್ಳಬೇಕೋ ಅದಕ್ಕೆ ಒದ್ದೆ ಅರಿವೆ ಹೊದಿಸುವುದನ್ನು ಆಕೆ ಹುಟ್ಟಿದಾಗಿನಿಂದ ಕಂಡಿದ್ದಳು. ಗಂಡ ವಾಲ್ವ್ ತಿರುಗಿಸಲು ಊರು ಸುತ್ತುತ್ತಿದ್ದ ಹೊತ್ತಿನಲ್ಲಿ, ಉಸಿರು ಕಟ್ಟುತ್ತಿದ್ದರೂ ಮೆಟ್ಟಿಲು ಹತ್ತಿ, ಗಳಿಗೆಗೊಮ್ಮೆ ನೀರು ಚಿಮುಕಿಸಿ ಬಂದಿದ್ದಳು. ಮೂರು ವಾರ, ದಿನಾ. ಯಂತ್ರ ಕುಡಿಯಬೇಕಿದ್ದ ಬೂದಿಯನ್ನೆಲ್ಲ ಆ ಸೀರೆ ಕುಡಿದಿತ್ತು. ಆಕೆ ಚಾಚಿದ ತುಂಡು ಒಲೆಯ ಹಿಂಬದಿಯ ಹಾಗೆ ಕಪ್ಪಾಗಿತ್ತು.

ಗಂಡನಿಗೂ ಇದು ಗೊತ್ತಿರಲಿಲ್ಲ. ರಕ್ತದ ಕೈಯಲ್ಲಿ ಕಿವಿ ಹಿಡಿದು ಆಕೆಯನ್ನೇ ನೋಡುತ್ತಿದ್ದ. ಬೈಯುತ್ತಾನೆಂದುಕೊಂಡೆ. "ನೀ ಮೆಟ್ಟಲಾ ಯಾಕ ಹತ್ತಿದಿ?" ಎಂದಷ್ಟೇ ಕೇಳಿದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನನ್ನ ವಿಷಯದಲ್ಲಿ ಶಾಂತವೂ ಆಗಲಿಲ್ಲ. ಅವನ ಕಾಲು ಹಿಡಿಯಬೇಕಿದ್ದ ಹೊತ್ತಿನಲ್ಲಿ ಆ ಅರಿವೆ ಕಿತ್ತುಕೊಂಡು ಸಭೆಗೆ ಓಡಿದೆ. ಅವನೆದುರಿಗೆ ನಿಲ್ಲುವುದಕ್ಕಿಂತ ಇನ್ನೊಬ್ಬನನ್ನು ಹೊಡೆಯುವುದು ನನಗೆ ಸುಲಭವಾಗಿತ್ತು, ಸತ್ಯ ಇಷ್ಟೇ.

ಸಭೆ ಮತ್ತೆ ಕೂಡಿತ್ತು. ಅಧ್ಯಕ್ಷರ ಮೇಜಿನ ಮೇಲೆ ಅರಿವೆ ಒಗೆದೆ. ಕರಿ ನೀರು ಕಡತಗಳ ಮೇಲೆ ಸಿಡಿಯಿತು. "ಇದನ್ನ ತೂಗ್ರಿ!" ಎಂದು ಕೂಗಿದೆ. ನಡೆದದ್ದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಭಾವಮೈದುನ ಎದ್ದ. "ಯಾರ ಹೆಂಡ್ತಿ ಸೀರಿ ಹರ್ಕೊಂಡು ಬಂದೀಯೋ?" ಎಂದ. ಎರಡು ಕುರ್ಚಿ ದಾಟಿ ಹೋಗಿ ಅವನ ಬಾಯಿಗೆ ಗುದ್ದಿದೆ. ಎರಡು ಹಲ್ಲು ಹೋದವು. ಅವನ ಕಡೆಯವರು ನನ್ನನ್ನು ನೆಲಕ್ಕೆ ಕೆಡವಿ ಕುರ್ಚಿಯ ಕಾಲಿನಿಂದ ಬೆನ್ನು ಹದಗೊಳಿಸಿದರು. ಒಬ್ಬ ನನ್ನ ಬಲಗೈ ಹಿಡಿದು, "ಇದೇನಪಾ ಬಡಿಯೋ ಕೈ?" ಎಂದು ತೋರುಬೆರಳನ್ನು ಹಿಂದಕ್ಕೆ ಬಗ್ಗಿಸಿ ಮುರಿದ. ನಿಧಾನವಾಗಿ, ಹಸಿ ಕಡ್ಡಿ ಮುರಿದ ಹಾಗೆ. ಈಗಲೂ ಆ ಬೆರಳು ಮಡಚುವುದಿಲ್ಲ, ಇದನ್ನು ಬರೆಯುತ್ತಿರುವುದು ಉಳಿದ ಬೆರಳುಗಳಲ್ಲಿ.

ನನ್ನನ್ನು ಕೆಲಸದಿಂದ ಕೆಲವು ತಿಂಗಳು ಹೊರಗಿಟ್ಟರು. ಆದರೆ ಮುಖ್ಯಾಧಿಕಾರಿ ಆ ಅರಿವೆಯನ್ನು ಎಸೆದಿರಲಿಲ್ಲ. ಒಣಗಿಸಿ, ಕಾಗದದಲ್ಲಿ ಸುತ್ತಿ, ನನ್ನಿಂದ ಕೇಳಿ ತಿಳಿದದ್ದನ್ನೆಲ್ಲ ಪತ್ರದಲ್ಲಿ ಬರೆದು ಜಿಲ್ಲೆಗೆ ಕಳಿಸಿದ್ದರು. ಬಟ್ಟೆ ತೂಗಿ ತೀರ್ಪು ಕೊಡಲು ಬರುವುದಿಲ್ಲವೆಂದು ಉತ್ತರ ಬಂತು. ಯಂತ್ರ ಮುಚ್ಚಿದ್ದರಿಂದ ಹಿಂದಿನ ಅಳತೆಯೂ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ಹಂಗಾಮಿಗೆ ಮತ್ತೆ ಅಳೆಯಬಹುದು ಎಂದೂ ಬರೆದಿದ್ದರು. ಅಂದರೆ ಆಕೆ ಅಲ್ಲಿಯವರೆಗೆ ಉಳಿಯಬೇಕಿತ್ತು.

ಆ ಮಧ್ಯೆ ಒಂದು ದಿನ ಆಕೆಯ ತುಟಿ ನೀಲಿಯಾಯಿತು. ಆಟೋದಲ್ಲಿ ಹಾಕಿಕೊಂಡು ಯಾದಗಿರಿಗೆ ಓಡಿದೆವು. ಭೀಮಾ ಸೇತುವೆಯ ಮೇಲೆ ಆಕೆಯ ಎದೆ ಸಿಳ್ಳು ಹಾಕುವುದು ಆಟೋದ ಸಪ್ಪಳಕ್ಕಿಂತ ಜೋರಾಗಿ ಕೇಳುತ್ತಿತ್ತು. ಗಂಡ ಕುತ್ತಿಗೆ ತಿರುಗಿಸಿ ಬಲ ಕಿವಿಯನ್ನು ಆಕೆಯ ಬಾಯಿಯ ಹತ್ತಿರ ತಂದು ಕೂತಿದ್ದ. ಎಡಗಡೆ ಅವನಿಗೆ ಏನೂ ಕೇಳುತ್ತಿರಲಿಲ್ಲ. ಕಿವಿಯ ತಮಟೆ ಹರಿದಿದೆ, ಕೂಡುವುದಿಲ್ಲ ಎಂದು ಆ ಆಸ್ಪತ್ರೆಯಲ್ಲೇ ಹೇಳಿದರು. ಆಕೆ ಆ ಸಲ ಉಳಿದಳು. ನಾನು ಔಷಧಿ ತಂದೆ, ಊಟ ತಂದೆ, ಎಲ್ಲ ತಂದೆ. ತಪ್ಪಾಯಿತು ಎನ್ನುವ ಒಂದು ಮಾತು ತರಲಿಲ್ಲ. ನಾನು ಕೆಲಸಕ್ಕೆ ಮರಳಿದ ಮೇಲೂ ಅವನು ಕೆಲಸಕ್ಕೆಷ್ಟು ಬೇಕೋ ಅಷ್ಟೇ ನನ್ನೊಂದಿಗೆ ಮಾತಾಡುತ್ತಿದ್ದ. ಪ್ರತಿ ಸಲ ನಾನು ಕರೆದಾಗ ಮುಖ ತಿರುಗಿಸಿ ಬಲ ಕಿವಿ ಕೊಡುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಕೈ ಕಡಿದುಕೊಳ್ಳಬೇಕೆನಿಸುತ್ತಿತ್ತು.

ಹಂಗಾಮು ಬಂತು, ಭತ್ತ ಬಂತು, ಯಂತ್ರವೂ ಬಂತು. ಈ ಸಲ ನೀರು ಬಿಡುವ ಕೆಲಸಕ್ಕೆ ಬೇರೆಯವನನ್ನು ಹಾಕಿ ಅವನನ್ನು ಇಡೀ ದಿನ ಮಾಳಿಗೆಯ ಮೇಲೆ ಕಾವಲಿಗೆ ಕೂರಿಸಿದೆವು. ಮೊದಲ ದಿನದ ಕಾಗದ ಸಂಜೆಗೆ ಬಾಣಲಿಯ ತಳದ ಹಾಗಾಗಿತ್ತು. ಅದನ್ನು ನೋಡಿದ್ದು ನಾವಿಬ್ಬರೇ ಅಲ್ಲ, ಗಿರಣಿಯ ಮಾಡಿನ ಮೇಲಿಂದ ಬೇರೆಯವರೂ ನೋಡಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಓಣಿಯ ತಿರುವಿನಲ್ಲಿದ್ದಾಗ ಗಂಗಾಳ ಬಡಿಯುವ ಸಪ್ಪಳ ಕೇಳಿಸಿತು. ಪಂಪ್ ಮನೆಯ ಅಂಗಳದಲ್ಲಿ ನಿಂತು ಅವನ ಹೆಂಡತಿ ಊಟದ ಗಂಗಾಳಕ್ಕೆ ಸೌಟಿನಿಂದ ಒಂದೇ ಸಮನೆ ಬಡಿಯುತ್ತಿದ್ದಳು. ಕೂಗಲು ಆಕೆಗೆ ಉಸಿರಿರಲಿಲ್ಲ. ಗಿರಣಿ ಕಡೆಯ ಇಬ್ಬರು ನೆಲ ಅಗೆಯುವ ಕಬ್ಬಿಣದ ಹಾರಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಮಾಳಿಗೆಯ ಮೇಲೆ ಅವನು ಬಲ ಕಿವಿಯನ್ನು ಯಂತ್ರಕ್ಕೆ ಹಚ್ಚಿ ಮೋಟಾರಿನ ಸಪ್ಪಳ ಕೇಳುತ್ತ ಕೂತಿದ್ದ. ಮೆಟ್ಟಿಲು ಇದ್ದದ್ದು ಅವನ ಎಡಕ್ಕೆ. ನಾನು ಕೊಂದ ಕಿವಿಯ ಕಡೆಯಿಂದ ಅವರು ಬಂದರು.

ಮೊದಲ ಪೆಟ್ಟು ಅವನ ಭುಜದ ಮೇಲೆ ಬಿತ್ತು. ನಾನು ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಅವನು ಯಂತ್ರವನ್ನು ಎರಡೂ ಕೈಯಿಂದ ತಬ್ಬಿ, ತಲೆಯನ್ನು ಅದರ ಮಾಡಿಗೆ ಒತ್ತಿ ಕೂತಿದ್ದ. ಅವರು ಯಂತ್ರಕ್ಕೆ ಹೊಡೆಯಬೇಕೆಂದರೆ ಅವನನ್ನು ಹೊಡೆಯಬೇಕಿತ್ತು, ಹೊಡೆಯುತ್ತಿದ್ದರು. ಒಂದು ಪೆಟ್ಟಿಗೆ ಬೆನ್ನು, ಒಂದು ಪೆಟ್ಟಿಗೆ ತಲೆ. ಕೂದಲಿನೊಳಗಿಂದ ರಕ್ತ ಚಿಲುಮೆಯ ಹಾಗೆ ಎದ್ದಿತು. ನಾನು ಅಂಗಳದಲ್ಲಿದ್ದ ವಾಲ್ವಿನ ಕೀಲಿ ಎತ್ತಿಕೊಂಡು ಹತ್ತಿದೆ. ಒಬ್ಬನ ಮೊಣಕಾಲಿನ ಹಿಂದೆ ಬೀಸಿದೆ, ಅವನು ಕುಸಿದ ಮೇಲೂ ಅದೇ ಕಾಲಿಗೆ ಇನ್ನೆರಡು ಹಾಕಿದೆ, ಎಲುಬು ಒಡೆಯುವವರೆಗೆ. ಇನ್ನೊಬ್ಬ ಹಾರಿ ಎತ್ತಿದ, ಅವನ ಮಣಿಕಟ್ಟಿಗೆ ಕೊಟ್ಟೆ. ಹಾರಿ ಕೆಳಗೆ ಬಿತ್ತು, ಅವನು ಮಾಳಿಗೆಯಿಂದ ಜಿಗಿದು ಕುಂಟುತ್ತ ಓಡಿದ. ಓಣಿಯ ಹೆಂಗಸರು ಅವನನ್ನು ಕಲ್ಲಿನಿಂದ ಬೀಳಿಸಿ ಪೊಲೀಸರು ಬರುವವರೆಗೆ ಕಸಬರಿಗೆಯಲ್ಲಿ ಬಡಿದರು. ಬೇಜಾರಿಲ್ಲದ ಆ ಆರರ ಲೆಕ್ಕದಲ್ಲಿ ಇವರಿಬ್ಬರೇ ಕೊನೆಯವರು. ಹಮಾಲ, ಭಾವಮೈದುನ ಮೊದಲೇ ಬಂದು ಹೋದರು, ಇನ್ನಿಬ್ಬರಿಗೂ ಈ ಕಥೆಗೂ ಸಂಬಂಧವಿಲ್ಲ.

ಅವನ ಕೈ ಯಂತ್ರದಿಂದ ಬಿಡಿಸಲು ಸಾಕಾಗಿ ಹೋಯಿತು. "ನಾನದೀನೋ, ಬಿಡು" ಎಂದೆ, ಕೇಳಲಿಲ್ಲ. ಹೆಂಡತಿ ಮೆಟ್ಟಿಲು ಹತ್ತಿ ಬಂದು, ತನ್ನ ಮೂಗಿಗೆ ಕಟ್ಟಿದ್ದ ಒದ್ದೆ ಅರಿವೆ ಬಿಚ್ಚಿ ಅವನ ತಲೆಗೆ ಒತ್ತಿ ಹಿಡಿದಳು. ಆಗ ಬಿಟ್ಟ. ಮೋಟಾರು ಇನ್ನೂ ಓಡುತ್ತಿತ್ತು. ಆ ದಿನದ ಕಾಗದಕ್ಕೆ ರಕ್ತ ಹನಿದಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಉಳಿದ ದಿನಗಳವು ಬಂದವು. ತಲೆಗೆ ಹೊಲಿಗೆ ಹಾಕಿಸಿಕೊಂಡು, ಪಟ್ಟಿ ಕಟ್ಟಿಕೊಂಡೇ ಅವನು ಕಾವಲು ಮುಗಿಸಿದ.

ವರದಿ ಬಂದ ಬೆಳಿಗ್ಗೆ ಮುಖ್ಯಾಧಿಕಾರಿ ನನ್ನನ್ನು ಕರೆದು ಕಾಗದ ತೋರಿಸಿದರು. ಮಿತಿ ದಾಟಿ ಎಲ್ಲೋ ಹೋಗಿತ್ತು. ಅಂದೇ ಗಿರಣಿಗೆ ಬೀಗ, ಚಿಮಣಿ ಏರಿಸಿ ಬೂದಿ ಹಿಡಿಯುವ ಡಬ್ಬಿ ಕೂರಿಸುವವರೆಗೆ ತೆಗೆಯುವ ಹಾಗಿಲ್ಲ. ಬೀಗ ಹಾಕಲು ಅವರೇ ಹೋದರು. ನಾನು ಪಂಪ್ ಮನೆಗೆ ಹೋದೆ.

ಅವನು ನೀರಿನ ಟಾಕಿಯ ಅಂಚಿಗೆ ಬಗ್ಗಿ ಕೈ ತೊಳೆಯುತ್ತಿದ್ದ. ನಾನು ಅವನ ಎಡಕ್ಕೆ ನಿಂತೆ. ತಿಳಿಯದೆ ನಿಂತೆನೆಂದು ಬರೆಯಬಹುದು, ಆದರೆ ತಿಳಿದೇ ನಿಂತೆ. "ತಮ್ಮಾ, ತಪ್ಪಾತು. ಆವತ್ತು ನಿನ್ನ ಹೊಡೀಬಾರದಿತ್ತು. ನಾಯಿ ನೀ ಅಲ್ಲ, ನಾನು" ಎಂದೆ. ಅವನು ತಿರುಗಲಿಲ್ಲ. ಹೇಳಿದ್ದೂ ಆಯಿತು, ಅವನಿಗೆ ಕೇಳದ್ದೂ ಆಯಿತು ಎಂದು ನನ್ನ ಹೇಡಿ ಜೀವಕ್ಕೆ ಹಗುರವಾಯಿತು. ಆಮೇಲೆ ಭುಜ ಮುಟ್ಟಿದೆ, ಬಲಕ್ಕೆ ಬಂದು ವರದಿಯ ಸುದ್ದಿ ಹೇಳಿದೆ.

ಅವನು ಹೆಂಡತಿಯನ್ನು ಕರೆದ. ಆಕೆ ಗೋಣಿತಾಟು ಸರಿಸಿ ಹೊರಗೆ ಬಂದು ಗಿರಣಿಯ ಚಿಮಣಿಯನ್ನು ನೋಡಿದಳು. ಹೊಗೆ ಇರಲಿಲ್ಲ. ನಂಬಿಕೆಯಿಲ್ಲದವಳ ಹಾಗೆ ಬಹಳ ಹೊತ್ತು ನೋಡಿ, ಮೂಗಿಗೆ ಕಟ್ಟಿದ್ದ ಅರಿವೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ನನಗೆ ಅಳು ಬಂತು, ಅತ್ತೆ.

ನಾನು ಹೊರಡಲು ತಿರುಗಿದಾಗ ಅವನು, "ಸಾಹೇಬ್ರ" ಎಂದು ಕರೆದ.

"ಮೊದ್ಲ ಏನೋ ಅಂದ್ರಲ್ರಿ. ನಿಮ್ಮ ಬಾಯಿ ಆಡೂದು ಟಾಕಿ ನೀರಾಗ ಕಂಡೀನಿ" ಎಂದ. ಒದ್ದೆ ಬೆರಳಿನಿಂದ ತನ್ನ ಬಲ ಕಿವಿ ಮುಟ್ಟಿದ. "ಅದನ್ನ ಈ ಕಡಿ ಬಂದು ಹೇಳ್ರಿ."

ಆಕೆಯೂ ಅಲ್ಲೇ ನಿಂತಿದ್ದಳು. ನಾನು ಟಾಕಿ ಸುತ್ತಿ ಆ ಕಡೆಗೆ ಹೋದೆ, ಹೇಳಿದೆ.